ದಾಂಪತ್ಯದಲ್ಲಿ ವ್ರತನಿಷ್ಠೆಯ ಸ್ಥಾನ

ಮನಸ್ಸು ಚಂಚಲವೆಂಬುದು ಎಲ್ಲರೂ ಒಪ್ಪುವ ಮಾತು. ಇಂದು ಪ್ರಿಯವಾದುದು ನಾಳೆ ಸಪ್ಪೆಯಾಗುತ್ತದೆ. ನಿನ್ನೆ ಬೇಡವೆನಿಸಿದ್ದು ಇಂದು ಬೇಕೆನಿಸುತ್ತದೆ. ಹೀಗಿರುವಾಗ ಇಪ್ಪತ್ತೈದರ ತರುಣನೊಬ್ಬನು ಇಪ್ಪತ್ತಮೂರರ ತರುಣಿಯ ಕೈಹಿಡಿದು 'ಜೀವವಿರುವವರೆಗೆ' ಎಂದು ಆಡುವ ಮಾತಿಗೆ ಅರ್ಥವೇನು? ಐವತ್ತನೆಯ ವಯಸ್ಸಿನಲ್ಲಿ ತನ್ನ ಅಭಿರುಚಿ, ಅಭಿಪ್ರಾಯ, ಆರೋಗ್ಯ, ಸ್ವಭಾವಗಳು ಹೇಗಿರುವುವೆಂಬುದು ಅವನಿಗೇ ತಿಳಿಯದು. ಅವಳ ವಿಷಯವಂತೂ ಅವನಿಗೆ ಇನ್ನೂ ಅಜ್ಞಾತ. ಕಾಣದ ನಾಳೆಯನ್ನು ಇಂದೇ ಒತ್ತೆಯಿಡುವುದು ವಿವೇಕವೇ ಎಂದು ಇಂದಿನ ಯುವಕ ಯುವತಿಯರು ಕೇಳುತ್ತಾರೆ. ಈ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಹಾಕುವುದು ಸುಲಭ. ಆದರೆ ಪ್ರಶ್ನೆ ಪ್ರಾಮಾಣಿಕವಾದುದು. ಆದುದರಿಂದ ಪ್ರಾಮಾಣಿಕವಾದ ಉತ್ತರಕ್ಕೆ ಅರ್ಹವಾದುದು.

ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ಪ್ರೀತಿಯಿದ್ದರೆ ಎಲ್ಲವೂ ತಾನಾಗಿ ನಿಲ್ಲುತ್ತದೆ ಎಂಬುದು ಮೊದಲನೆಯದು. ಮಕ್ಕಳು, ಮನೆತನದ ಮರ್ಯಾದೆ, ನೆಂಟರಿಷ್ಟರ ಭಯ ಇವುಗಳಿಂದ ಸಂಸಾರ ನಿಲ್ಲುತ್ತದೆ ಎಂಬುದು ಎರಡನೆಯದು. ಮೊದಲನೆಯ ಉತ್ತರವು ದಾಂಪತ್ಯವನ್ನು ಭಾವದ ಏರಿಳಿತಕ್ಕೆ ಒಪ್ಪಿಸಿಬಿಡುತ್ತದೆ. ಎರಡನೆಯದು ಹೊರಗಿನ ಬೇಲಿಗೆ ಒಪ್ಪಿಸುತ್ತದೆ. ಪ್ರೀತಿ ಬತ್ತಿದಂತೆ ತೋರಿದ ದಿನ ಮೊದಲನೆಯದು ಕೈಬಿಡುತ್ತದೆ. ಮಕ್ಕಳು ಬೆಳೆದು, ನೆಂಟರು ದೂರವಾಗಿ, ಗಂಡಹೆಂಡಿರು ಅಪರಿಚಿತ ನಗರದ ಬಾಡಿಗೆಯ ಮನೆಯಲ್ಲಿ ಇಬ್ಬರೇ ಉಳಿದ ದಿನ ಎರಡನೆಯದೂ ಕೈಬಿಡುತ್ತದೆ. ಇವೆರಡನ್ನೂ ಮೀರಿದ ಮೂರನೆಯ ಆಧಾರವೊಂದುಂಟು. ಅದು ವ್ರತ. ಶ್ರಾವಕಾಚಾರವು ಗೃಹಸ್ಥನ ದಾಂಪತ್ಯವನ್ನು ಅಣುವ್ರತಗಳಲ್ಲಿ ಒಂದಾಗಿ ಎಣಿಸಿರುವುದು ಆಕಸ್ಮಿಕವಲ್ಲ.

ವ್ರತವೆಂದರೆ ಕೇವಲ ಭಾಷೆ ಕೊಡುವುದಲ್ಲ. ಅದನ್ನು ಅರಿಯಲು ಮೊದಲು ಬದಲಾವಣೆಯ ಪ್ರಶ್ನೆಯನ್ನೇ ಎದುರಿಸಬೇಕು. ಎಲ್ಲವೂ ಕ್ಷಣಕ್ಷಣಕ್ಕೂ ಸಂಪೂರ್ಣವಾಗಿ ಬೇರೆಯಾಗುವುದಾದರೆ ನಿನ್ನೆ ಸಾಲ ತಂದವನು ಬೇರೆ, ಇಂದು ತೀರಿಸಬೇಕಾದವನು ಬೇರೆ ಎಂದಾಗುತ್ತದೆ. ಮಾಡಿದವನಿಗೆ ಫಲವಿಲ್ಲ, ಮಾಡದವನಿಗೆ ಫಲವುಂಟು ಎಂಬ ಈ ದೋಷವನ್ನು ಜೈನ ತಾರ್ಕಿಕರು ಕ್ಷಣಿಕವಾದದ ವಿರುದ್ಧ ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. 'ಅಂದು ಮಾತು ಕೊಟ್ಟ ನಾನೇ ಬೇರೆ, ಇಂದಿನ ನಾನೇ ಬೇರೆ' ಎಂದು ಹೇಳಿ ದಾಂಪತ್ಯದಿಂದ ಜಾರಿಕೊಳ್ಳುವವನು, ತಿಳಿದೋ ತಿಳಿಯದೆಯೋ, ಈ ಏಕಾಂತವನ್ನೇ ಆಶ್ರಯಿಸಿರುತ್ತಾನೆ. ಇದಕ್ಕೆ ಎದುರಾದ ಏಕಾಂತವೂ ಒಂದುಂಟು. 'ಅವಳ ಸ್ವಭಾವವೇ ಅಷ್ಟು, ಅದು ಎಂದೂ ಬದಲಾಗದು' ಎಂದು ಮೂವತ್ತು ವರ್ಷಗಳಿಂದ ಒಂದೇ ತೀರ್ಪನ್ನು ಹಿಡಿದು ಕುಳಿತ ಗಂಡನೂ, 'ಮದುವೆಯ ದಿನ ಇದ್ದಂತೆಯೇ ಇವರು ಇರಬೇಕಾಗಿತ್ತು' ಎಂದು ಕೊರಗುವ ಹೆಂಡತಿಯೂ ನಿತ್ಯೈಕಾಂತದ ಪಕ್ಷಪಾತಿಗಳು. ಒಂದು ಏಕಾಂತವು ಸಂಬಂಧವನ್ನು ಕಡಿಯುತ್ತದೆ. ಇನ್ನೊಂದು ಅದನ್ನು ಕಲ್ಲಾಗಿಸುತ್ತದೆ.

ವಸ್ತುವು ಹುಟ್ಟುತ್ತದೆ, ಅಳಿಯುತ್ತದೆ, ಹಾಗೆಯೇ ಉಳಿಯುತ್ತದೆ. ಈ ಮೂರೂ ಏಕಕಾಲದ ಸತ್ಯ ಎಂಬುದು ಅನೇಕಾಂತದ ನಿಲುವು. ಇದನ್ನು ತಿಳಿಸಲು ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಅಡುಗೆಮನೆಯಿಂದಲೇ ಒಂದು ದೃಷ್ಟಾಂತವನ್ನು ಆರಿಸಿಕೊಂಡಿದ್ದಾರೆ. ಹಾಲನ್ನು ಮಾತ್ರ ಸೇವಿಸುವೆನೆಂದು ವ್ರತ ತೊಟ್ಟವನು ಮೊಸರನ್ನು ಉಣ್ಣುವುದಿಲ್ಲ. ಮೊಸರಿನ ವ್ರತಿಯು ಹಾಲನ್ನು ಮುಟ್ಟುವುದಿಲ್ಲ. ಗೋರಸವನ್ನೇ ಬಿಟ್ಟವನಾದರೋ ಎರಡನ್ನೂ ಸೇವಿಸುವುದಿಲ್ಲ. ಹಾಲು ಹೋಗಿ ಮೊಸರು ಬಂದಿತೆಂಬುದು ದಿಟ. ಇಲ್ಲವಾಗಿದ್ದರೆ ಮೊದಲಿಬ್ಬರ ವ್ರತಗಳಲ್ಲಿ ಭೇದವೇ ಇರುತ್ತಿರಲಿಲ್ಲ. ಎರಡರಲ್ಲಿಯೂ ಗೋರಸವು ಉಳಿದಿದೆಯೆಂಬುದೂ ದಿಟ. ಇಲ್ಲವಾಗಿದ್ದರೆ ಮೂರನೆಯವನ ವ್ರತಕ್ಕೆ ಅರ್ಥವಿರುತ್ತಿರಲಿಲ್ಲ.

ಆಚಾರ್ಯರು ಈ ದೃಷ್ಟಾಂತವನ್ನು ಕೊಟ್ಟುದು ವಸ್ತುಸ್ವರೂಪವನ್ನು ತಿಳಿಸಲಿಕ್ಕಾಗಿ. ಆದರೆ ದಾಂಪತ್ಯದ ಪ್ರಶ್ನೆಗೂ ಅದು ಬೆಳಕು ಚೆಲ್ಲುತ್ತದೆ. ಮನುಷ್ಯನ ನಿಷ್ಠೆಯು ಯಾವುದಕ್ಕೆ ಸಲ್ಲುತ್ತದೆಂಬುದೇ ಇಲ್ಲಿಯ ಮುಖ್ಯ ವಿಷಯ. ಹೊಸ ಮದುವೆಯ ಉತ್ಸಾಹ, ರೂಪ, ಮಾತಿನ ಸವಿ ಇವು ಹಾಲಿನಂತಹ ಪರ್ಯಾಯಗಳು. ಯಾರ ನಿಷ್ಠೆ ಇವುಗಳಿಗೆ ಮಾತ್ರ ಮೀಸಲೋ ಅವನಿಗೆ ಹತ್ತು ವರ್ಷಗಳ ನಂತರದ ದಾಂಪತ್ಯವು 'ಕೆಟ್ಟುಹೋದ ಹಾಲು' ಎಂದೇ ಕಾಣುತ್ತದೆ. ಅವನು ಹೊಸ ಹಾಲನ್ನು ಅರಸಿ ಹೊರಡುತ್ತಾನೆ. ಅದೂ ಒಂದು ದಿನ ಹೆಪ್ಪುಗಟ್ಟುವುದೆಂಬುದನ್ನು ಮರೆಯುತ್ತಾನೆ. ಯಾರ ನಿಷ್ಠೆಯು ಪರ್ಯಾಯಗಳ ಮೂಲಕ ಹರಿದುಬರುವ ವ್ಯಕ್ತಿಗೆ ಸಲ್ಲುವುದೋ ಅವನಿಗೆ ಮೊಸರೂ ಮನೆಯ ಹೈನೇ. ಹಾಲಿನ ಸವಿ ಮೊಸರಿನಲ್ಲಿಲ್ಲವೆಂದು ಅವನು ಬಲ್ಲ. ಮೊಸರಿನ ತಂಪು ಹಾಲಿನಲ್ಲಿರಲಿಲ್ಲವೆಂಬುದನ್ನೂ ಬಲ್ಲ. ಹೀಗೆ ನೋಡಿದರೆ ದೀರ್ಘ ದಾಂಪತ್ಯದ ಪ್ರತಿಜ್ಞೆಯು 'ನಾನು ಬದಲಾಗುವುದಿಲ್ಲ' ಎಂಬ ಪ್ರತಿಜ್ಞೆಯಲ್ಲ. ಅದು ಯಾರಿಂದಲೂ ಸಾಧ್ಯವಿಲ್ಲ. 'ನೀನು ಬದಲಾಗುತ್ತಿರುವಾಗ, ನಾನೂ ಬದಲಾಗುತ್ತಿರುವಾಗ, ನಿನ್ನನ್ನು ಗುರುತಿಸುವುದನ್ನು ಬಿಡುವುದಿಲ್ಲ' ಎಂಬುದೇ ಅದರ ನಿಜವಾದ ಅರ್ಥ. ಕಾಣದ ನಾಳೆಯ ಕುರಿತು ಕೊಡಬಹುದಾದ ಪ್ರಾಮಾಣಿಕ ಮಾತು ಇದು.

ಹಾಗಾದರೆ ಆ ಮಾತು ಜೀವಮಾನದ್ದೇ ಆಗಬೇಕೇಕೆ? ಸರಿಹೋಗುವಷ್ಟು ಕಾಲ ಇದ್ದು ನೋಡಬಹುದಲ್ಲವೇ? ರತ್ನಕರಂಡಕ ಶ್ರಾವಕಾಚಾರವು ಭೋಗೋಪಭೋಗಗಳ ಪರಿಮಿತಿಯನ್ನು ಹೇಳುವಾಗ ಯಮ, ನಿಯಮ ಎಂಬ ಎರಡು ಬಗೆಗಳನ್ನು ಹೇಳುತ್ತದೆ. ಗೊತ್ತಾದ ಕಾಲದವರೆಗಿನದು ನಿಯಮ; ಜೀವವಿರುವವರೆಗಿನದು ಯಮ. ಎರಡಕ್ಕೂ ಅವುಗಳದೇ ಸ್ಥಾನವಿದೆ. ಆದರೆ ಇವುಗಳ ಅಂತರ ಕಾಲದ ಉದ್ದದಲ್ಲಿ ಮಾತ್ರ ಇಲ್ಲ. ಮನಸ್ಸಿನ ಸ್ಥಿತಿಯಲ್ಲಿಯೂ ಇದೆ. ರಾತ್ರಿಭೋಜನವನ್ನು ಜೀವಾವಧಿ ತ್ಯಜಿಸಿದ ಶ್ರಾವಿಕೆಯು ಪ್ರತಿ ಸಂಜೆ ಗಡಿಯಾರ ನೋಡಿ 'ಇಂದು ಉಣ್ಣಲೋ ಬೇಡವೋ' ಎಂದು ತರ್ಕಿಸುವುದಿಲ್ಲ. ಆ ಪ್ರಶ್ನೆಯು ಅವಳ ಬದುಕಿನಿಂದಲೇ ಹೊರಟುಹೋಗಿರುತ್ತದೆ. ವ್ರತವಿಲ್ಲದವನಿಗಾದರೋ ಪ್ರತಿ ಔತಣವೂ ಒಂದು ಹೊಸ ಚರ್ಚೆ.

ದಾಂಪತ್ಯದಲ್ಲಿಯೂ ಹೀಗೆಯೇ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಗಂಡನಿಗೆ ತುತ್ತಿಡುವ ಹೆಂಡತಿಯಾಗಲಿ, ಮರೆವಿನ ರೋಗದಿಂದ ತನ್ನ ಹೆಸರನ್ನೇ ಮರೆತ ಹೆಂಡತಿಗೆ ದಿನವೂ ತಲೆ ಬಾಚುವ ಗಂಡನಾಗಲಿ ಬೆಳಗಾಗೆದ್ದು 'ಇಂದು ಇರಲೋ ಹೋಗಲೋ' ಎಂದು ಲೆಕ್ಕ ಹಾಕುವುದಿಲ್ಲ. ದಣಿವು ಅವರಿಗೂ ಉಂಟು, ಬೇಸರವೂ ಉಂಟು. ಆದರೆ ತೀರ್ಮಾನವಾಗಿರುವ ಪ್ರಶ್ನೆಯನ್ನು ನಿತ್ಯವೂ ತೆರೆಯುವ ಭಾರ ಅವರ ಮೇಲಿಲ್ಲ. ಹೊರಗಿನವರಿಗೆ ಬಂಧನವಾಗಿ ತೋರುವುದು ಒಳಗಿನವರಿಗೆ ಒಂದು ಬಗೆಯ ಬಿಡುಗಡೆಯಾಗಿರುತ್ತದೆ. ಎದುರಿನ ವ್ಯಕ್ತಿಗೂ ಇದರಿಂದ ಅಭಯ ದೊರೆಯುತ್ತದೆ. ಪ್ರತಿದಿನ ಪರೀಕ್ಷೆಗೆ ಒಳಗಾಗುತ್ತಿರುವ ಮನುಷ್ಯನು ತನ್ನ ದೌರ್ಬಲ್ಯವನ್ನು ಎಂದೂ ತೋರಗೊಡನು. ತೋರಗೊಡದಿದ್ದರೆ ಅವನನ್ನು ಅರಿಯುವ ಬಗೆಯೂ ಇಲ್ಲ. ಅಭಯವಿಲ್ಲದೆ ಆತ್ಮೀಯತೆಯಿಲ್ಲ.

ಗೃಹಸ್ಥನ ಬ್ರಹ್ಮಚರ್ಯಾಣುವ್ರತಕ್ಕೆ ಸಮಂತಭದ್ರರು ಎರಡು ಹೆಸರುಗಳನ್ನು ಕೊಟ್ಟಿದ್ದಾರೆ: ಪರದಾರನಿವೃತ್ತಿ ಮತ್ತು ಸ್ವದಾರಸಂತೋಷ. ಮೊದಲನೆಯದು ನಿಷೇಧರೂಪವಾದುದು, ಎರಡನೆಯದು ವಿಧಿರೂಪವಾದುದು. ಹಳೆಯ ಗ್ರಂಥಗಳು ಪುರುಷನನ್ನು ಕುರಿತು ಹೇಳಿದ ಈ ವ್ರತವು ಸ್ತ್ರೀಗೂ ಸಮನಾಗಿ ಅನ್ವಯಿಸುತ್ತದೆ. ಸಮಾಜದಲ್ಲಿ ಹೆಚ್ಚಾಗಿ ಮೊದಲ ಹೆಸರಿಗೇ ಮನ್ನಣೆ. ಪರಸ್ತ್ರೀಯರತ್ತ ಕಣ್ಣೆತ್ತಿ ನೋಡದವನು ಎಂಬ ಹೊಗಳಿಕೆಯೊಂದಿಗೆ ಗಂಡನ ಪರೀಕ್ಷೆ ಮುಗಿದುಹೋಗುತ್ತದೆ. ಅಂತಹವನು ಮನೆಯಲ್ಲಿ ಹೆಂಡತಿಯೊಡನೆ ವಾರಕ್ಕೆ ಹತ್ತು ಮಾತನ್ನೂ ಆಡದಿರಬಹುದು. ಅವಳ ಅಡುಗೆಯಲ್ಲಿ ಉಪ್ಪು ಹೆಚ್ಚಾದುದನ್ನು ಬಿಟ್ಟು ಬೇರೇನನ್ನೂ ಗಮನಿಸದಿರಬಹುದು. ಅವನಲ್ಲಿ ನಿವೃತ್ತಿಯುಂಟು, ಸಂತೋಷವಿಲ್ಲ. ವ್ರತದ ಅರ್ಧಭಾಗವಷ್ಟೇ ಅವನ ಪಾಲಿಗೆ ದಕ್ಕಿದೆ. ಇಲ್ಲಿ ಸಂತೋಷವೆಂದರೆ ತಾನಾಗಿ ಉಕ್ಕುವ ಆನಂದವಲ್ಲ. ದೊರೆತುದರಲ್ಲಿ ತೃಪ್ತಿಯನ್ನು ಕಾಣುವ ಅಭ್ಯಾಸ. ತತ್ತ್ವಾರ್ಥಸೂತ್ರವು ಪ್ರತಿ ವ್ರತದ ಸ್ಥಿರತೆಗಾಗಿ ಐದೈದು ಭಾವನೆಗಳನ್ನು ವಿಧಿಸಿರುವುದು ಇದಕ್ಕಾಗಿಯೇ. ಒಮ್ಮೆ ತೊಟ್ಟ ವ್ರತವು ತನ್ನಷ್ಟಕ್ಕೆ ನಿಲ್ಲದು; ಅದನ್ನು ದಿನದಿನವೂ ಪೋಷಿಸಬೇಕು.

ಆಚಾರ್ಯರು ಈ ವ್ರತಕ್ಕೆ ಪಾಪಭೀತಿಯನ್ನು ಕಾರಣವಾಗಿ ಹೇಳಿದ್ದಾರೆಂಬುದೂ ಗಮನಾರ್ಹ. ಪಾಪದ ಅಂಜಿಕೆಯು ದಂಡದ ಅಂಜಿಕೆಗಿಂತ ಬೇರೆ. 2018ರ ಸೆಪ್ಟೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ಅಂದಿನ ಭಾರತೀಯ ದಂಡಸಂಹಿತೆಯ 497ನೆಯ ಕಲಮನ್ನು ಅಸಾಂವಿಧಾನಿಕವೆಂದು ಸಾರಿತು. ಅಂದಿನಿಂದ ಪರಸಂಬಂಧವು ದಂಡನೀಯ ಅಪರಾಧವಾಗಿ ಉಳಿದಿಲ್ಲ. ವಿಚ್ಛೇದನಕ್ಕೆ ಕಾರಣವಾಗಿ ಮಾತ್ರ ಉಳಿದಿದೆ. ಧರ್ಮವೇ ಕುಸಿಯಿತೆಂದು ಆಗ ಕೆಲವರು ಪರಿತಪಿಸಿದರು. ಆದರೆ ಆ ಹಳೆಯ ಕಲಮು ಹೆಂಡತಿಯನ್ನು ಗಂಡನ ಸೊತ್ತಿನಂತೆ ಕಂಡಿತ್ತು. ಗಂಡನ ಸಮ್ಮತಿಯಿದ್ದರೆ ಅಪರಾಧವೇ ಇಲ್ಲವೆನ್ನುತ್ತಿತ್ತು. ಶ್ರಾವಕನ ವ್ರತವು ಎಂದೂ ಅದನ್ನು ನಂಬಿ ನಿಂತುದಲ್ಲ. ಸೆರೆಮನೆಯ ಭಯದಿಂದ ಉಳಿದ ಶೀಲವು ಶೀಲವೇ ಅಲ್ಲ. ದಂಡದ ಭಯ ಹೋದಮೇಲೂ ಉಳಿಯುವುದೇ ವ್ರತ.

ವ್ರತಭಂಗವು ಒಂದೇ ದಿನದಲ್ಲಿ ಆಗುವುದಿಲ್ಲವೆಂಬುದನ್ನು ಹಿಂದಿನವರು ಸೂಕ್ಷ್ಮವಾಗಿ ಅರಿತಿದ್ದರು. ಅಮಿತಗತಿ ಆಚಾರ್ಯರು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮನಸ್ಸಿನ ಶುದ್ಧಿಗೆ ಕುಂದು ಬರುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯದಲ್ಲಿ ತೊಡಗುವುದು ಅತಿಚಾರ. ಅದರಲ್ಲಿಯೇ ಮುಳುಗಿಹೋಗುವುದು ಅನಾಚಾರ. ಕಚೇರಿಯ ಸಹೋದ್ಯೋಗಿಯೊಡನೆ ಮನೆಯ ಕೊರತೆಗಳನ್ನು ಹೇಳಿಕೊಳ್ಳುವುದು, ಹೆಂಡತಿಯಿಂದ ಮರೆಸಬೇಕಾದ ಸಂದೇಶವನ್ನು ಮೊಬೈಲಿನಲ್ಲಿ ಬರೆಯುವುದು, 'ಇದರಲ್ಲಿ ತಪ್ಪೇನಿದೆ' ಎಂದು ತನಗೆ ತಾನೇ ಹೇಳಿಕೊಳ್ಳುವುದು ಇವೆಲ್ಲ ಮೊದಲಿನ ಮೆಟ್ಟಿಲುಗಳು. ಬೇಲಿಯ ಬಳಿ ನಿಂತಾಗಲೇ ಹಿಂದಿರುಗುವುದು ಸುಲಭ.

ನಾಗಚಂದ್ರನ ರಾಮಚಂದ್ರಚರಿತಪುರಾಣದ ರಾವಣನು ಇದಕ್ಕೆ ಮರೆಯಲಾಗದ ನಿದರ್ಶನ. ತನ್ನನ್ನು ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ಅವನು ವ್ರತ ತೊಟ್ಟವನು. ತಾನಾಗಿ ಬಯಸಿ ಬಂದ ನಳಕೂಬರನ ಪತ್ನಿ ಉಪರಂಭೆಯನ್ನೂ ನಿರಾಕರಿಸಿದವನು. ಅಂತಹವನೇ ಸೀತೆಯನ್ನು ಕಂಡು ಮನಸೋತು ಅಪಹರಿಸಿದನು. ವ್ರತದ ಅಕ್ಷರವನ್ನು ಅವನು ಕೊನೆಯವರೆಗೂ ಮೀರಲಿಲ್ಲ. ಅದರ ಆತ್ಮವನ್ನು ಮೊದಲ ದಿನವೇ ಮೀರಿದ್ದನು. ಆದರೂ ಆ ಅಳಿದುಳಿದ ವ್ರತವು ವ್ಯರ್ಥವಾಗಲಿಲ್ಲ. ರಾಮನ ಮೇಲಣ ಸೀತೆಯ ಅಚಲ ನಿಷ್ಠೆಯನ್ನು ಕಂಡು ಅವನ ಹೃದಯ ಕರಗಿತು. ಒಲಿದವರನ್ನು ಅಗಲಿಸಿದೆನೆಂದು ಪಶ್ಚಾತ್ತಾಪಪಟ್ಟನು. ಆದರೆ ಕೂಡಲೇ ಒಪ್ಪಿಸಿದರೆ ಲೋಕವು ಹೇಡಿಯೆಂದೀತೆಂಬ ಅಭಿಮಾನ ಅಡ್ಡಬಂದಿತು. ಯುದ್ಧದಲ್ಲಿ ಗೆದ್ದಮೇಲೆ ಒಪ್ಪಿಸುವೆನೆಂದು ನಿಶ್ಚಯಿಸಿದನು. ಆ ದಿನ ಬರಲೇ ಇಲ್ಲ. ತಪ್ಪು ತಿಳಿದಮೇಲೂ 'ಮೊದಲು ಅವಳು ಸೋಲೊಪ್ಪಲಿ, ಆಮೇಲೆ ನೋಡೋಣ' ಎಂದು ಕಾಯುವ ಅಭಿಮಾನವು ಇಂದಿನ ಮನೆಗಳಲ್ಲಿಯೂ ಕಡಿಮೆಯೇನಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ವ್ರತಿಗೆ ಒಂದು ಕಠಿಣವಾದ ಲಕ್ಷಣವನ್ನು ಹೇಳುತ್ತದೆ: ಅವನು ಶಲ್ಯರಹಿತನಾಗಿರಬೇಕು. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂದು ಅದು ಮೂರು ಬಗೆ. ಮಾಯೆಯೆಂದರೆ ಕಪಟ, ಮಿಥ್ಯಾತ್ವವೆಂದರೆ ವಿಪರೀತವಾದ ನಂಬಿಕೆ, ನಿದಾನವೆಂದರೆ ಫಲದ ಹಂಬಲ. ಹೊರಗೆ ಮುಚ್ಚಿದ ಗಾಯವು ಒಳಗೆ ಕೀವು ಕಟ್ಟುವಂತೆ ಶಲ್ಯವಿರುವ ವ್ರತವು ಒಳಗೇ ಕೆಡುತ್ತದೆ. ದಾಂಪತ್ಯದಲ್ಲಿ ಮೊದಲನೆಯದು ಗುಟ್ಟಾಗಿಯೂ ಕೊನೆಯದು ಲೆಕ್ಕವಾಗಿಯೂ ಕಾಣಿಸಿಕೊಳ್ಳುತ್ತದೆ. 'ನಾನು ಇಷ್ಟು ಮಾಡಿದೆ, ನೀನು ಎಷ್ಟು ಮಾಡಿದೆ' ಎಂಬ ಖಾತೆಯನ್ನು ತೆರೆದಿಟ್ಟವರ ನಿಷ್ಠೆಯು ವ್ಯಾಪಾರವಾಗುತ್ತದೆ.

ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯನ್ನು ಈ ದೃಷ್ಟಿಯಿಂದ ಓದಬಹುದು. ಅಮೃತಮತಿಯು ಇರುಳಿನಲ್ಲಿ ಕೇಳಿದ ಮಾವುತನ ಹಾಡಿಗೆ ಮನಸೋತು ದಾರಿ ತಪ್ಪಿದ ಕತೆಯೆಂದೇ ಎಲ್ಲರೂ ಅದನ್ನು ನೆನೆಯುತ್ತಾರೆ. ಆದರೆ ಕಣ್ಣಾರೆ ಕಂಡ ಯಶೋಧರನು ಮುಂದೆ ಮಾಡಿದುದೇನು? ಎತ್ತಿದ ಕತ್ತಿಯನ್ನು ತಡೆದುಕೊಂಡನು. ಅದು ಅವನ ಹಿರಿಮೆ. ಆದರೆ ಕಂಡುದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ವ್ಯಂಗ್ಯವನ್ನಾಡಿದನೇ ಹೊರತು ಸತ್ಯವನ್ನಾಡಲಿಲ್ಲ. ತಾಯಿ ಚಂದ್ರಮತಿಗೆ ಕೆಟ್ಟ ಕನಸಿನ ನೆಪ ಹೇಳಿದನು. ಆ ನೆಪವೇ ಶಾಂತಿಗಾಗಿ ಬಲಿ ಎಂಬ ಮಾತಿಗೆ ಕಾರಣವಾಯಿತು. ಜೀವಬಲಿಯನ್ನು ಒಲ್ಲದವನು ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪಿದನು. ಆ ಸಂಕಲ್ಪಹಿಂಸೆಯಿಂದ ತಾಯಿಮಗನ ಭವಭವಾಂತರಗಳ ದುಃಖ ಮೊದಲಾಯಿತು. ಅಮೃತಮತಿಯ ಮಾಯೆಯೂ ಯಶೋಧರನ ಮೌನವೂ ಕೂಡಿಯೇ ಆ ಅರಮನೆಯನ್ನು ಸುಟ್ಟವು. ಮುಳ್ಳನ್ನು ಮುಟ್ಟದೆ ಬಿಡುವುದು ಸಹನೆಯಲ್ಲ. ಆಲೋಚನೆ, ಪ್ರತಿಕ್ರಮಣಗಳೆಂದು ಶಾಸ್ತ್ರವು ವಿಧಿಸಿರುವುದು ಮುಳ್ಳನ್ನು ಹೊರತೆಗೆಯುವ ಕ್ರಮವನ್ನು. ಮಾಡಿದ ದೋಷವನ್ನು ಮರೆಮಾಚದೆ ನುಡಿಯುವುದು ಆಲೋಚನೆ. ದೋಷದಿಂದ ಹಿಂದಿರುಗುವುದು ಪ್ರತಿಕ್ರಮಣ. ವ್ರತವು ಗಾಜಿನಂತೆ ಒಮ್ಮೆ ಒಡೆದರೆ ಮುಗಿದುಹೋಗುವ ವಸ್ತುವಲ್ಲ. ದಶಲಕ್ಷಣ ಪರ್ವದ ಕೊನೆಗೆ ಬರುವ ಕ್ಷಮಾವಾಣಿಯ ದಿನ ಊರಿನವರನ್ನೆಲ್ಲ ಕ್ಷಮೆ ಕೇಳುವವರು ಮನೆಯೊಳಗಿನ ಒಬ್ಬರನ್ನು ಬಿಟ್ಟುಬಿಡುವುದುಂಟು. ಆ ಮಾತು ಅಲ್ಲಿಂದಲೇ ಮೊದಲಾಗಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ವ್ರತವನ್ನು ಇಷ್ಟು ಹೊಗಳಿದರೆ, ಪೆಟ್ಟು ತಿನ್ನುತ್ತಿರುವ ಹೆಣ್ಣುಮಗಳನ್ನು ಅದೇ ಮನೆಗೆ ಹಿಂದಕ್ಕೆ ಕಳುಹಿಸಲು ಅದೇ ಒಂದು ಆಯುಧವಾಗದೇ? ಈ ಆಕ್ಷೇಪವು ಕಾಲ್ಪನಿಕವಲ್ಲ. 'ಸಹಿಸಿಕೊ ಮಗಳೇ, ಅದೇ ಧರ್ಮ' ಎಂಬ ಮಾತಿನಿಂದ ಎಷ್ಟೋ ಜೀವಗಳು ನಂದಿಹೋಗಿವೆ. ಇದಕ್ಕೆ ಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸುಳ್ಳು, ಕಳವು ಮೊದಲಾದುವೆಲ್ಲವೂ ಹಿಂಸೆಯೇ ಎಂದೂ, ಅವನ್ನು ಬೇರೆ ಬೇರೆಯಾಗಿ ಹೇಳಿದುದು ಶಿಷ್ಯರ ತಿಳಿವಳಿಕೆಗಾಗಿ ಎಂದೂ ಹೇಳಿದ್ದಾರೆ. ಅಹಿಂಸೆಯೇ ಬೇರು, ಉಳಿದ ವ್ರತಗಳು ಅದರ ಕೊಂಬೆಗಳು. ಬೇರನ್ನು ಕಡಿದು ಕೊಂಬೆಯನ್ನು ಉಳಿಸಲಾಗದು. ಹೊಡೆಯುವವನು ಅಹಿಂಸಾಣುವ್ರತವನ್ನು ಮುರಿದವನು. ದಾಂಪತ್ಯದ ವ್ರತಭಂಗವೂ ಅವನಿಂದಲೇ ಆದುದು, ಬಾಗಿಲು ದಾಟಿ ಹೊರಬಂದವಳಿಂದಲ್ಲ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯು ಕ್ರೌರ್ಯವನ್ನು ವಿಚ್ಛೇದನಕ್ಕೆ ಕಾರಣವೆಂದು ಎಣಿಸಿದೆ. 1976ರ ತಿದ್ದುಪಡಿಯು ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಎಡೆಮಾಡಿತು. 2005ರ ಕಾಯಿದೆಯು ಕೌಟುಂಬಿಕ ಹಿಂಸೆಯಿಂದ ಮಹಿಳೆಗೆ ರಕ್ಷಣೆ ನೀಡಿತು. ಇವುಗಳ ನೆರವು ಪಡೆದವಳನ್ನು ಧರ್ಮಬಾಹಿರಳಂತೆ ಕಾಣುವುದು ಅನ್ಯಾಯ.

ಬಸದಿಯ ಟ್ರಸ್ಟುಗಳಿಗೂ ಹಿರಿಯರಿಗೂ ಇದರಲ್ಲಿ ಹೊಣೆಯುಂಟು, ಏಕೆಂದರೆ ಬಿರುಕುಬಿಟ್ಟ ಸಂಸಾರಗಳು ಪಂಚಾಯಿತಿಗಾಗಿ ಅವರ ಮುಂದೆ ಬರುತ್ತವೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ ಎಂಬ ಎರಡಿವೆ. ಪರರ ದೋಷವನ್ನು ಬೀದಿಗೆಳೆಯದಿರುವುದು ಉಪಗೂಹನ. ಜಾರುತ್ತಿರುವವರನ್ನು ಮರಳಿ ನೆಲೆಗೊಳಿಸುವುದು ಸ್ಥಿತಿಕರಣ. ಮನಸ್ತಾಪ, ತಪ್ಪುತಿಳಿವಳಿಕೆ, ಒಂದು ಸಲದ ಕಾಲುಜಾರು ಇವುಗಳ ಸಂದರ್ಭದಲ್ಲಿ ಈ ಎರಡು ಅಂಗಗಳೂ ಅಮೃತಸಮಾನ. ಆದರೆ ಉಪಗೂಹನದ ಹೆಸರಿನಲ್ಲಿ ಹಿಂಸೆಯನ್ನು ಮುಚ್ಚಿಟ್ಟರೆ ಅದು ಹಿಂಸೆಯ ಅನುಮೋದನೆಯಾಗುತ್ತದೆ. ಕೃತ, ಕಾರಿತ, ಅನುಮೋದಿತ ಮೂರರಲ್ಲಿಯೂ ದೋಷವಿದೆಯೆಂಬುದನ್ನು ಶ್ರಾವಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ 'ಇವರು ಒಂದಾಗುವರೇ' ಎಂಬುದಲ್ಲ. 'ಇಲ್ಲಿ ಯಾರಾದರೂ ಭಯದಲ್ಲಿ ಬದುಕುತ್ತಿದ್ದಾರೆಯೇ' ಎಂಬುದು. ಭಯವಿದ್ದಲ್ಲಿ ಮೊದಲು ಅಭಯದಾನ, ಅನಂತರ ಉಳಿದುದು.

ಹಾಗೆಯೇ ನಿಷ್ಠೆಯನ್ನು ಆತ್ಮನಾಶದೊಡನೆ ಬೆರೆಸಬಾರದು. ನಾಗದೇವನು ಮಡಿದಾಗ ಅವನ ಪತ್ನಿಯರಲ್ಲಿ ಗುಂಡಮಬ್ಬೆಯು ಸಹಗಮನ ಮಾಡಿದಳು. ಅಕ್ಕ ಅತ್ತಿಮಬ್ಬೆಯು ಬದುಕಿ ಉಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ರಚಿಸಿಸಿದಳು. ಲಕ್ಕುಂಡಿಯಲ್ಲಿ ಜಿನಾಲಯವನ್ನು ಕಟ್ಟಿಸಿದಳು. ಸಹಸ್ರ ವರ್ಷಗಳ ನಂತರವೂ ಕನ್ನಡ ನಾಡು 'ದಾನಚಿಂತಾಮಣಿ' ಎಂದು ಕೊಂಡಾಡುವುದು ಬದುಕಿ ಉಳಿದವಳನ್ನು. ಜೊತೆಗಾರನನ್ನು ಕಳೆದುಕೊಂಡ ನಿಷ್ಠೆಯು ಅಳಿಯುವುದಿಲ್ಲ, ಪರ್ಯಾಯವನ್ನು ಹೊಂದುತ್ತದೆ ಎಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ಸಾಕ್ಷಿ ಬೇಕಿಲ್ಲ.

ಮದುವೆಯ ಮಂಟಪದಲ್ಲಿ ವಧೂವರರಿಗೆ ಪ್ರೀತಿಯನ್ನು ಯಾರೂ ವಿಧಿಸಲಾರರು. ಪ್ರೀತಿಯು ವಿಧಿಗೆ ಒಳಪಡುವಂತಹುದಲ್ಲ. ವಿಧಿಸಬಹುದಾದುದು ವ್ರತವನ್ನು ಮಾತ್ರ. ಪ್ರೀತಿ ಕುಗ್ಗಿದ ದಿನಗಳಲ್ಲಿ ಅದಕ್ಕೆ ಮರಳಿ ಚಿಗುರುವಷ್ಟು ಕಾಲವನ್ನು ಈ ವ್ರತವೇ ಕಾಯ್ದಿರಿಸುತ್ತದೆ. ಆದುದರಿಂದ ಮಕ್ಕಳಿಗೆ ಸಂಬಂಧವನ್ನು ಹುಡುಕುವ ತಂದೆತಾಯಿಗಳು, ತಾವೇ ಸಂಗಾತಿಯನ್ನು ಆರಿಸಿಕೊಳ್ಳುವ ತರುಣ ತರುಣಿಯರು, ರೂಪ, ವಿದ್ಯೆ, ಸಂಬಳ, ಜಾತಕಗಳ ಜೊತೆಗೆ ಇದನ್ನೂ ವಿಚಾರಿಸುವುದು ಒಳಿತು: ಈ ವ್ಯಕ್ತಿಯು ಕೊಟ್ಟ ಸಣ್ಣ ಮಾತುಗಳನ್ನು ಉಳಿಸಿಕೊಳ್ಳುವವನೇ? ತಪ್ಪಿದಾಗ ತಪ್ಪನ್ನು ನುಡಿಯಬಲ್ಲವನೇ? ತನಗಿಂತ ದುರ್ಬಲವಾದ ಜೀವಿಯೊಡನೆ ಹೇಗೆ ನಡೆದುಕೊಳ್ಳುತ್ತಾನೆ? ಹಾಲಿನ ಸವಿಯನ್ನು ಬಲ್ಲವರು ಲೋಕದಲ್ಲಿ ಬಹಳ ಮಂದಿ. ಹೆಪ್ಪುಗಟ್ಟುವಾಗ ಪಾತ್ರೆಯನ್ನು ಅಲುಗಿಸದೆ ಕಾಯಬಲ್ಲವರೇ ಮನೆಯನ್ನು ನಡೆಸುವವರು.